ಬೆನ್ನೇ ಲಾರಿ ಆದಾಗ
ಅಲಾಸ್ಕಾದಲ್ಲಿ ಮೂಸ್ ಬೇಟೆಯಾಡಿ, ತಿನ್ನೋ ಮಾಂಸ ಕಾಡಲ್ಲೇ ಬಿಟ್ಟು ಬಂದರೆ ಅಪರಾಧ. ಕೊಂಬು ಬರಬೇಕಾದ್ದು ಕೊನೇ ಸುತ್ತಿಗೆ. ದೊಡ್ಡ ಗಂಡು ಮೂಸ್ ಅಂದ್ರೆ 200 ಕೆಜಿ ಆಸುಪಾಸು ಮಾಂಸ. ರಸ್ತೆ ಇಲ್ಲದ ಕಡೆ ಒಬ್ಬರೇ ಹೊತ್ತರೆ, ಸಲಕ್ಕೆ 30 ಕೆಜಿಯಂತೆ ಏಳು ಸುತ್ತು.

ನಾವು ಕಾಲೇಜ್ ಬ್ಯಾಗ್ ಕೊಳ್ಳುವಾಗ ಎಷ್ಟು ಲೀಟರ್ ಅಂತ ಕೇಳ್ತೀವಿ. ಇಲ್ಲಿ ಮೊದಲು ನೋಡಬೇಕಾದ್ದು ಫ್ರೇಮ್. ಅದು ಗಿಡ್ಡ ಆದ್ರೆ, ಸೊಂಟಕ್ಕೆ ಇಳಿಯಬೇಕಾದ ಭಾರ ಭುಜದಲ್ಲೇ ಕೂರುತ್ತೆ. ಆಮೇಲೆ, ಫ್ರೇಮ್‌ಗೂ ಚೀಲಕ್ಕೂ ನಡುವೆ ಮಾಂಸ ಕಟ್ಟೋಕೆ ಜಾಗ ಇದೆಯಾ ಅಂತ ನೋಡಬೇಕು. ಮೆಕ್ಯಾನಿಕ್ಸ್ ಕ್ಲಾಸಿನ ಮೊಮೆಂಟ್ ನೆನಪಿದೆಯಲ್ಲ (ನಿದ್ದೆ ಮಾಡಿರದಿದ್ದರೆ)? 30 ಕೆಜಿ ಬೆನ್ನಿಂದ 10 ಸೆಂ.ಮೀ. ಹಿಂದೆ ಸರಿದರೆ ಸುಮಾರು 30 ನ್ಯೂಟನ್ ಮೀಟರ್ ಹೆಚ್ಚಾಗಿ ಹಿಂದಕ್ಕೆ ಎಳೆಯುತ್ತೆ.

ಖಾಲಿ ಇದ್ದಾಗ ಎಲ್ಲ ಬ್ಯಾಗೂ ಹಿತವೇ. 30 ಕೆಜಿ ಮರಳು ತುಂಬಿ ಮೆಟ್ಟಿಲು ಹತ್ತಿ ನೋಡಿ.