ಹೊರೆಯ ಲೆಕ್ಕವೂ ಸರಾಸರಿಯ ಮರೆಯೂ

ಮೈಸೂರು ರಸ್ತೆಯ ಮಗ್ಗುಲಿನ ಬಾಪೂಜಿ ನಗರದಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಗಳ ನಡುವೆ ಕಂಬದಿಂದ ಕಂಬಕ್ಕೆ ಜೋತುಬಿದ್ದ ಅಂತರ್ಜಾಲದ ಕೇಬಲ್ಲುಗಳಲ್ಲೊಂದನ್ನು ಆಶ್ರಯಿಸಿದ ಗೃಹಸ್ಥರು, ಸಂಜೆಯ ಹೊತ್ತು ಚಲನಚಿತ್ರವು ತಡೆತಡೆದು ಬರುತ್ತಿದೆಯೆಂದು ದೂರಿತ್ತರೆ, ಬಡಾವಣೆಗೆಲ್ಲ ಸಾಮಾನ್ಯವಾದ ಲೈನಿನ ಮೇಲೆ ಶೇಕಡಾ 10ರಷ್ಟೇ ಹೊರೆಯಿದೆಯೆಂಬ ಉತ್ತರ ಸೇವೆ ಒದಗಿಸುವವರಿಂದ ದೊರೆಯುವುದುಂಟು. ಇಬ್ಬರ ಮಾತೂ ಸತ್ಯವಾಗಿರಬಹುದು.

ಆ ಲೈನಿನ ದಟ್ಟಣೆಯನ್ನು ಸಾಗಿಸುವ ಯಂತ್ರವಾದ ರೂಟರು ವೇಗವನ್ನು ನೇರವಾಗಿ ಅಳೆಯದು. ಪ್ರತಿಯೊಂದು ಪೋರ್ಟಿನಲ್ಲಿ ಒಳಬಂದ ಬೈಟುಗಳಿಗೊಂದು, ಹೊರಹೋದವಕ್ಕೊಂದು ಕೌಂಟರನ್ನಿರಿಸಿಕೊಂಡು, ಬೆಸ್ಕಾಂ ಮೀಟರಿನಂತೆ ಅಂಕಿಯನ್ನು ಏರಿಸುತ್ತ ಹೋಗುವುದಷ್ಟೇ ಅದರ ಕಾಯಕ. ಈಗಿನ ಅಂಕಿಯಿಂದ ಹಿಂದಿನದನ್ನು ಕಳೆದು, ನಡುವಣ ಕಾಲದಿಂದ ಭಾಗಿಸಿದಾಗಲೇ ವೇಗವೆಂಬುದು ಹುಟ್ಟುತ್ತದೆ. 1994ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ, ಹೊರಜಗತ್ತಿಗಿದ್ದ ಏಕೈಕ 64 ಕಿಲೋಬಿಟ್ ಲೈನಿನ ಸ್ಥಿತಿಯನ್ನರಿಯಲೆಂದು ಟೋಬಿಯಾಸ್ ಓಟಿಕರ್ ಆರಂಭಿಸಿದ ಎಂಆರ್‌ಟಿಜಿ ಎಂಬ ತಂತ್ರಾಂಶವು, ಐದು ನಿಮಿಷಕ್ಕೊಮ್ಮೆ ಈ ಅಂಕಿಯನ್ನೋದಿ ನಕ್ಷೆ ಬರೆಯುವ ಪದ್ಧತಿಯನ್ನು ಲೋಕಪ್ರಸಿದ್ಧಗೊಳಿಸಿತು.

ಆ ಐದು ನಿಮಿಷದಲ್ಲಿಯೇ ತೊಡಕಿರುವುದು. ಒಂದು ಗಿಗಾಬಿಟ್ ಲೈನು 30 ಸೆಕೆಂಡು ತುಂಬಿ ತುಳುಕಿ, ಮಿಕ್ಕ 270 ಸೆಕೆಂಡು ಬರಿದಾಗಿದ್ದರೆ, ಸರಾಸರಿ ಹೊರೆ ಶೇಕಡಾ 10 ಮಾತ್ರ. ಆದರೆ ಆ ಅರ್ಧ ನಿಮಿಷದಲ್ಲಿ ದತ್ತಾಂಶದ ಪ್ಯಾಕೆಟ್ಟುಗಳು ಸಾಲುಗಟ್ಟಿ, ಸಾಲು ಹಿಡಿಸಲಾರದಷ್ಟಾದಾಗ ರೂಟರು ಉಳಿದವನ್ನು ಕೈಬಿಟ್ಟಿರುತ್ತದೆ. ಹೀಗೆ ಕೈಬಿಟ್ಟವಕ್ಕೂ ಅದರಲ್ಲಿ ಬೇರೊಂದು ಕೌಂಟರುಂಟು. ಹೊರೆಯ ನಕ್ಷೆಗಿಂತ ಅದೇ ಹೆಚ್ಚು ನಂಬತಕ್ಕ ಸಾಕ್ಷಿಯೆಂಬುದು ನನ್ನ ಅಭಿಪ್ರಾಯ. ದೂರವಾಣಿ ಕರೆಗಳ ಏರಿಳಿತವು ದೀರ್ಘಕಾಲದ ಸರಾಸರಿಯಲ್ಲಿ ಶಮನಗೊಳ್ಳುವಂತೆ ಗಣಕಜಾಲದ ದಟ್ಟಣೆ ಶಮನಗೊಳ್ಳದು. ಯಾವ ಕಾಲಮಾನದಲ್ಲಿ ನೋಡಿದರೂ ಅದು ಉಬ್ಬರದ ಸ್ವಭಾವವನ್ನು ಬಿಡದೆಂದು ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದ ಅಳತೆಗಳನ್ನಾಧರಿಸಿ 1993ರಲ್ಲಿ ಲೇಲೆಂಡ್ ಮೊದಲಾದವರು ತೋರಿಸಿಕೊಟ್ಟರು.

ಹೊರೆಯನ್ನು 255ರ ಭಾಗವಾಗಿ ಹೇಳುವ ಸಿಸ್ಕೊ ರೂಟರುಗಳೂ—255ರಲ್ಲಿ ಏಕೆಂದರೆ ಅದು ಒಂದು ಬೈಟಿನಲ್ಲಿ ಹಿಡಿಸುವ ಪರಮಾವಧಿ ಸಂಖ್ಯೆ—ಸಹಜವಾಗಿ ಐದು ನಿಮಿಷದ ಸರಾಸರಿಯನ್ನೇ ಕೊಡುವುವು. ಕೇಳಿಕೊಂಡರೆ 30 ಸೆಕೆಂಡಿಗೆ ಇಳಿದಾವು.

ಇದಕ್ಕಿಂತಲೂ ವಿಚಿತ್ರವಾದುದು ಹಳೆಯ 32 ಬಿಟ್ ಕೌಂಟರಿನ ವರ್ತನೆ. 4,29,49,67,295 ಬೈಟು ದಾಟಿದೊಡನೆ ಅದು ಮರಳಿ ಸೊನ್ನೆಗೆ ಬರುತ್ತದೆ. ಗಿಗಾಬಿಟ್ ವೇಗದಲ್ಲಿ ಇದಕ್ಕೆ 34 ಸೆಕೆಂಡು ಸಾಕು. ಐದು ನಿಮಿಷ ಪೂರ್ತಿ ತುಂಬಿ ಹರಿದ ಲೈನಿನಲ್ಲಿ ಕೌಂಟರು ಎಂಟು ಸುತ್ತು ಮುಗಿಸಿ ಒಂಬತ್ತನೆಯದರ ನಡುವೆ ನಿಂತಿರಲು, ಎರಡು ಅಂಕಿಗಳನ್ನಷ್ಟೇ ಕಂಡ ತಂತ್ರಾಂಶವು ಆ ಎಂಟನ್ನೂ ಅರಿಯದೆ, ಶೇಕಡಾ 8ರ ಹೊರೆಯೆಂದು ಶಾಂತವಾದ ಗೆರೆಯೆಳೆಯುತ್ತದೆ. ಇಂಥ ಲೈನುಗಳಿಗೆ 64 ಬಿಟ್‌ಗಳ ಕೌಂಟರನ್ನೇ ಓದಬೇಕೆಂಬ ನಿಯಮ ಬಂದುದು ಇದರಿಂದಾಗಿ.