ಕೋವಿಗೆ ಯಾವ ಎಣ್ಣೆ?

ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆನೆ, ಕುದುರೆ, ಬೇಟೆಗಾರರ ಸಾಲುಗಳು ಇಂದಿಗೂ ನಡೆಯುತ್ತಿವೆ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ವೈಭವವನ್ನೂ ಅನಂತರದ ಸೇನಾ ಪ್ರದರ್ಶನವನ್ನೂ ಕಣ್ಣಾರೆ ಕಂಡು ಬರೆದಿಟ್ಟನು. ಆ ಸೇನೆಯಲ್ಲಿ ಬಿಲ್ಲು ಹಿಡಿದವರೊಡನೆ ಕೋವಿ ಹಿಡಿದವರೂ ಇದ್ದರು. 1520ರ ರಾಯಚೂರು ಮುತ್ತಿಗೆಯಲ್ಲಿ ಪೋರ್ಚುಗೀಸ್ ಕೋವಿಗಾರರು ರಾಯನಿಗೆ ನೆರವಾದರು. ಅರಸೊತ್ತಿಗೆ ಅಳಿಯಿತು, ಆಯುಧಪೂಜೆ ಉಳಿಯಿತು. ಹೊಸಪೇಟೆಯ ಬೀದಿಗಳಲ್ಲಿ ಈಗ ಪೂಜೆಗೊಳ್ಳುವುದು ಸ್ಕೂಟರು, ಲಾರಿ, ಹೊಲಿಗೆಯಂತ್ರ. ಆದರೆ ಸುತ್ತಣ ಹಳ್ಳಿಗಳಲ್ಲಿ ಪರವಾನಗಿ ಪಡೆದ ಕೋವಿಯೊಂದು ಗೋಡೆಯ ಮೂಲೆಯಿಂದಿಳಿದು ಕುಂಕುಮ ಇಡಿಸಿಕೊಳ್ಳುವ ಮನೆಗಳೂ ಇವೆ.

ಅಂಥ ಕೋವಿಯ ಕೆಲಸ ಬೇಟೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಅವಕಾಶ ಕೊಡುವುದಿಲ್ಲ. 1994ರಿಂದ ದರೋಜಿಯ ಬೆಟ್ಟಗಳೇ ಕರಡಿಧಾಮವಾಗಿವೆ. ಬೆಳೆಯ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಗೆ 1959ರ ಆಯುಧ ಕಾಯಿದೆಯಂತೆ ಪರವಾನಗಿ ದೊರೆಯುತ್ತದೆ. ಕಂಪ್ಲಿಯ ಕಬ್ಬಿನ ಗದ್ದೆಗೆ ಹಂದಿಯ ಹಿಂಡು ನುಗ್ಗಿದ ರಾತ್ರಿ ರೈತನಿಗೆ ಬೇಕಾದದ್ದು ಒಂದು ಸದ್ದು, ಅಷ್ಟೆ. ಕುದುರೆ ಎಳೆದಾಗ ಆ ಸದ್ದು ಬರದಿದ್ದರೆ? ಅದಕ್ಕಿಂತ ಭಯಂಕರವಾಗಿ, ಒಂದು ಕ್ಷಣ ಸುಮ್ಮನಿದ್ದು, ಅವನು ಏನಾಯಿತೆಂದು ನಳಿಗೆಯನ್ನು ತನ್ನತ್ತ ತಿರುಗಿಸುವಷ್ಟರಲ್ಲಿ ಸಿಡಿದರೆ? ಇಂಥ ಅನರ್ಥದ ಮೂಲ ಎಷ್ಟೋ ವೇಳೆ ಎಣ್ಣೆಯ ಬಟ್ಟಲಿನಲ್ಲಿರುತ್ತದೆ.

ಮನೆಯಲ್ಲಿ ಎಣ್ಣೆಗೇನು ಬರ? ಕುಸುಬೆ, ಸೇಂಗಾ, ಕೊಬ್ಬರಿ ಎಲ್ಲವೂ ಕೈಗೆಟಕುವಂತಿರುತ್ತವೆ. ಆದರೆ ಅಡುಗೆಮನೆಯಲ್ಲಿ ಎಣ್ಣೆಯ ಡಬ್ಬಿಯ ಹೊರಮೈಗೆ ದಿನಗಳೆದಂತೆ ಅಂಟುವ ಜಿಗುಟನ್ನು ಅರಿಯದ ಗೃಹಿಣಿಯಿಲ್ಲ. ಕುಸುಬೆ, ಅಗಸೆ ಮೊದಲಾದ ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹೀರಿ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತವೆ. ಕೋವಿಯ ಕುದುರೆಯ ಸಂದಿಯಲ್ಲಿ ಅದೇ ಜಿಗುಟು ಕಟ್ಟಿದರೆ ಸ್ಪ್ರಿಂಗಿನ ಬಲ ಕುಂದುತ್ತದೆ. ಕೊಬ್ಬರಿ ಎಣ್ಣೆ ಹೀಗೆ ಒಣಗುವುದಿಲ್ಲವಾದರೂ ಚಳಿಗೆ ಹೆಪ್ಪುಗಟ್ಟುತ್ತದೆ. ಹಳತಾಗಿ ಕಮಟಿದಾಗ ಹುಟ್ಟುವ ಆಮ್ಲ ಲೋಹವನ್ನು ತಿನ್ನುತ್ತದೆ. ಹಾಗೆಂದು ಒಣಗುವ ಎಣ್ಣೆ ನಿಷ್ಪ್ರಯೋಜಕವಲ್ಲ. ಕೋವಿಯ ಮರದ ಹಿಡಿಗೆ ಅಗಸೆ ಎಣ್ಣೆಯನ್ನೇ ಉಜ್ಜುವುದು ಹಳೆಯ ಪದ್ಧತಿ. ಕಬ್ಬಿಣಕ್ಕೆ ದೋಷವಾದದ್ದು ಮರಕ್ಕೆ ಕವಚವಾಗುತ್ತದೆ.

ಹಾಗಾದರೆ ಕಬ್ಬಿಣಕ್ಕೆ ಯಾವುದು? ಭೂಮಿಯಿಂದ ಬಂದ ಖನಿಜ ತೈಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಮಾದ ‘ರಂಗೂನ್ ಎಣ್ಣೆ’ ಬ್ರಿಟಿಷರ ಕೋವಿಗಳಿಗೆ ಪ್ರಿಯವಾಗಿತ್ತು. ಇಂದು ಕೋವಿಗೆಂದೇ ತಯಾರಾದ, ತುಕ್ಕು ತಡೆಯುವ ದ್ರವ್ಯ ಬೆರೆಸಿದ ತೆಳು ತೈಲವೇ ಉತ್ತಮ. ಅದು ದೊರೆಯದಾಗ ಹೊಲಿಗೆಯಂತ್ರದ ಎಣ್ಣೆ ನಡೆದೀತು. ಆದರೆ ತುಕ್ಕಿನಿಂದ ಕಾಯುವ ಶಕ್ತಿ ಅದಕ್ಕೆ ಕಡಿಮೆಯಾದ್ದರಿಂದ ಮತ್ತೆ ಮತ್ತೆ ಸವರಬೇಕು. ಸೀಮೆಎಣ್ಣೆ ಕೊಳೆ ತೆಗೆಯುತ್ತದೆ, ಆರಿಹೋಗುತ್ತದೆ, ಕಾಯುವುದಿಲ್ಲ. ಮೋಟಾರಿನಿಂದ ಬಸಿದ ಕರಿ ಎಣ್ಣೆಯಲ್ಲಿ ಮಸಿಯೂ ಆಮ್ಲವೂ ಇರುವುದರಿಂದ ಅದು ತೀರ ವರ್ಜ್ಯ.

ಎಣ್ಣೆ ಉತ್ತಮವಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಕರಿಮದ್ದು ಉರಿದಾಗ ನಳಿಗೆಯೊಳಗೆ ಲವಣಗಳುಳಿಯುತ್ತವೆ. ಅವು ಗಾಳಿಯ ತೇವವನ್ನೆಳೆದುಕೊಳ್ಳುತ್ತವೆ. ಕಾಲುವೆ ಹರಿದು ಭತ್ತದ ಗದ್ದೆಗಳು ತುಂಬಿರುವ ಕಂಪ್ಲಿಯಲ್ಲಿ ಗಾಳಿಗೆ ತೇವದ ಕೊರತೆಯೆಲ್ಲಿ? ಲವಣ ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದುದರಿಂದ ಮೊದಲು ಬಿಸಿನೀರು; ಕಾದ ಲೋಹ ಬೇಗನೆ ಒಣಗುವುದೂ ಅದರ ಲಾಭ. ಬಳಿಕ ಗಜಕ್ಕೆ ಸುತ್ತಿದ ಒಣಬಟ್ಟೆ. ಕೊನೆಗೆ ಎಣ್ಣೆ.

ಅದೂ ಎಷ್ಟು? ಇಲ್ಲಿ ಸಂಡೂರು ಪಾಠ ಹೇಳುತ್ತದೆ. ಅಲ್ಲಿಯ ಬೆಟ್ಟಗಳ ಕೆಂಪು ಅದಿರು, ಹೆಮಟೈಟ್, ಕಬ್ಬಿಣದ ಆಕ್ಸೈಡು. ತುಕ್ಕಿನ ಹತ್ತಿರದ ಬಂಧು. ಅಕ್ಕಸಾಲಿಗರು ಒಡವೆಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಇದೇ ಆಕ್ಸೈಡಿನದು. ಅದಿರಿನ ದೂಳು ಹಾರುವ ಸೀಮೆಯಲ್ಲಿ ಕೋವಿಗೆ ಎಣ್ಣೆ ಸುರಿದರೆ, ದೂಳು ಅಂಟಿಕೊಂಡು ಉಜ್ಜುಗೊರಡಾಗಿ ಲೋಹವನ್ನು ಸವೆಸುತ್ತದೆ. ಕುದುರೆಯ ಕೀಲಿಗೆ ಒಂದೊಂದು ಹನಿ, ನಳಿಗೆಗೆ ಎಣ್ಣೆಬಟ್ಟೆಯ ಒಂದು ಸವರಿಕೆ, ಅಷ್ಟು ಸಾಕು. ಮದ್ದು ತುಂಬುವ ಮೊದಲು ನಳಿಗೆಯ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಲೇಬೇಕು. ಎಣ್ಣೆ ಹೀರಿದ ಮದ್ದು, ತೊಯ್ದ ಕೇಪು, ಇವೇ ತಡವಾಗಿ ಸಿಡಿಯುವ ಕೋವಿಯ ಗುಟ್ಟು. ಸಿಡಿಯದ ಕೋವಿಯನ್ನು ಒಂದೆರಡು ನಿಮಿಷವಾದರೂ ನಿರ್ಜನವಾದ ಕಡೆಗೇ ಹಿಡಿದಿರುವುದು ಪ್ರಾಣರಕ್ಷಣೆಯ ನಿಯಮ.

ಎಣ್ಣೆಯ ಬಟ್ಟಲನ್ನು ಮುಟ್ಟುವ ಮುನ್ನವೇ ಪಾಲಿಸಬೇಕಾದ ನಿಯಮ ಇನ್ನೊಂದಿದೆ: ಕೋವಿ ಬರಿದಾಗಿದೆಯೆಂದು ನಂಬದೆ, ಪರೀಕ್ಷಿಸಿ ನೋಡುವುದು, ಮಕ್ಕಳನ್ನು ದೂರವಿರಿಸುವುದು. ಆಯುಧಪೂಜೆಯ ದಿನಕ್ಕೂ ಇದಕ್ಕೆ ವಿನಾಯಿತಿಯಿಲ್ಲ. ಪೂಜೆ ಮುಗಿದ ಮೇಲೆ ಹಸಿ ಗಂಧ, ಅರಿಸಿನ, ಕುಂಕುಮಗಳನ್ನು ಲೋಹದ ಮೇಲೆ ಬಿಡದೆ ಒರೆಸಿ, ತೆಳುವಾಗಿ ಎಣ್ಣೆ ಸವರಿ ಬೀಗದೊಳಗಿಟ್ಟರೆ ಅದೂ ಪೂಜೆಯ ಭಾಗವೇ. ಕಬ್ಬಿಣವು ತುಕ್ಕಾಗಿ ಸಂಡೂರಿನ ಮಣ್ಣಿನ ಬಣ್ಣಕ್ಕೆ ಮರಳಲು ಸದಾ ಹವಣಿಸುತ್ತಿರುತ್ತದೆ. ಅದನ್ನು ತಡೆದು ನಿಲ್ಲಿಸುವುದು ಒಂದು ಹನಿ ಎಣ್ಣೆ ಮತ್ತು ಎಚ್ಚರವುಳ್ಳ ಒಂದು ಕೈ.