ತುಂತುರು ನೀರಾವರಿಯ ಅಲ್ಯೂಮಿನಿಯಂ ಪೈಪು ಮತ್ತು ಜೋಡಣೆಗಳ ದುರಸ್ತಿ, ನಿರ್ವಹಣೆ

ಪಟ್ಟದಕಲ್ಲು ಸುತ್ತಲಿನ ಮಲಪ್ರಭಾ ದಂಡೆಯ ಹೊಲಗಳಲ್ಲಿ ಹಳೆಯ ಅಲ್ಯೂಮಿನಿಯಂ ತುಂತುರು ಪೈಪುಗಳಿದ್ದಲ್ಲಿ, ಅವು ಮಾಸಿವೆ ಎಂದು ಗುಜರಿಗೆ ಹಾಕುವ ಮುನ್ನ ಪರೀಕ್ಷಿಸುವುದು ಒಳಿತು.

ಅಲ್ಯೂಮಿನಿಯಂ ಮೇಲಿನ ತೆಳುವಾದ ಬೂದು ಪದರವು ಆ ಲೋಹದ ರಕ್ಷಾಕವಚ. ರಸಸಾರ ಸುಮಾರು 4ರಿಂದ 8.5ರ ನಡುವೆ ಇರುವಾಗ ಅದು ಸ್ಥಿರವಾಗಿರುತ್ತದೆ. ಎರೆ ಮಣ್ಣು ಸಾಮಾನ್ಯವಾಗಿ ಕ್ಷಾರೀಯ. ಆದ್ದರಿಂದ ಒದ್ದೆ ಮಣ್ಣು ಮೆತ್ತಿಕೊಂಡ ಪೈಪಿನಲ್ಲಿ ಕವಚ ಸಡಿಲಗೊಂಡು, ಬಿಳಿ ಹುಡಿಯ ಕೆಳಗೆ ಸಣ್ಣ ಕುಳಿಗಳು ಮೂಡುತ್ತವೆ. 2019ರ ಆಗಸ್ಟ್ ತಿಂಗಳ ಪ್ರವಾಹದಂತೆ ಹೊಳೆ ಉಕ್ಕಿದಾಗ ಹೂಳಿನಲ್ಲಿ ಹುದುಗಿದ ಸಾಮಗ್ರಿಯನ್ನು ತಡಮಾಡದೆ ತೊಳೆಯಬೇಕು.

ಸ್ವಚ್ಛಗೊಳಿಸುವ ಕ್ರಮ

1. ಜೋಡಣೆಯ ರಬ್ಬರ್ ರಿಂಗುಗಳನ್ನು ಕಳಚಿ, ಪೈಪಿನ ಒಳಹೊರಗನ್ನು ಸಿಹಿನೀರಿನಿಂದ ತೊಳೆಯಿರಿ.
2. ಗಟ್ಟಿಯಾದ ಬಿಳಿ ಕಲೆಗೆ ಹುಣಸೆ ರಸವನ್ನು 10 ನಿಮಿಷ ಲೇಪಿಸಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಹೊಳಪು ಬರುವವರೆಗೆ ಉಜ್ಜುವ ಅಗತ್ಯವಿಲ್ಲ.
3. ಕಬ್ಬಿಣದ ತಂತಿಬ್ರಷ್ ಬಳಸಬೇಡಿ. ಅಂಟಿಕೊಂಡ ಕಬ್ಬಿಣದ ಕಣಗಳು ಹೊಸ ಕುಳಿಗೆ ಕಾರಣವಾಗುತ್ತವೆ. ಕಾಸ್ಟಿಕ್ ಸೋಡಾ ಸರ್ವಥಾ ಸಲ್ಲದು. ಅದು ಲೋಹವನ್ನು ಕರಗಿಸಿ, ಬೆಂಕಿ ಹೊತ್ತಿಕೊಳ್ಳಬಲ್ಲ ಜಲಜನಕವನ್ನು ಹೊರಬಿಡುತ್ತದೆ.
4. ಸೀಳಿದ ಕೊಂಡಿಗಳನ್ನು ಬದಲಿಸಿ. ನೀರಿನ ಒತ್ತಡದಲ್ಲಿ ಅವು ಕಳಚಿದರೆ ಪೈಪು ಸಿಡಿಯುತ್ತದೆ. ರಂಧ್ರಗಳಿಗೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ.
5. ರಬ್ಬರ್ ರಿಂಗಿಗೆ ಗ್ರೀಸ್ ಬದಲು ಸಾಬೂನು ನೀರು ಸವರಿ. ಗ್ರೀಸಿನಿಂದ ರಬ್ಬರ್ ಉಬ್ಬುತ್ತದೆ.

ತಾಮ್ರದಿಂದ ದೂರವಿರಿಸಿ

ದಾಳಿಂಬೆಗೆ ಬೋರ್ಡೋ ದ್ರಾವಣ ಸಿಂಪಡಿಸುವವರು ವಿಶೇಷವಾಗಿ ಗಮನಿಸಬೇಕು. ಮೈಲುತುತ್ತದ ತಾಮ್ರವು ಅಲ್ಯೂಮಿನಿಯಂ ಮೇಲೆ ಕೂತು, ತೇವ ಸಿಕ್ಕಾಗಲೆಲ್ಲ ಅದನ್ನು ಕೊರೆಯುತ್ತದೆ. ದ್ರಾವಣವನ್ನು ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲೇ ತಯಾರಿಸಿ. ಹಿತ್ತಾಳೆಯ ಭಾಗಗಳು ಅಲ್ಯೂಮಿನಿಯಂಗೆ ತಾಗುವೆಡೆ ಪ್ಲಾಸ್ಟಿಕ್ ಅಥವಾ ರಬ್ಬರ್ ವಾಷರ್ ಇಡಿ.

ಸಂಗ್ರಹಣೆ

ಹಂಗಾಮು ಮುಗಿದ ಮೇಲೆ ನೀರು ಬಸಿದು, ಪೈಪುಗಳನ್ನು ನೆಲಕ್ಕೆ ತಾಗದಂತೆ ಕಟ್ಟಿಗೆಯ ಮೇಲೆ ತುಸು ಇಳಿಜಾರಾಗಿ ನೆರಳಿನಲ್ಲಿ ಜೋಡಿಸಿ. ಗೊಬ್ಬರದ ಚೀಲಗಳನ್ನು ಅವುಗಳ ಹತ್ತಿರ ಇಡಬೇಡಿ.

ಎಚ್ಚರಿಕೆ: ಅಲ್ಯೂಮಿನಿಯಂ ಉತ್ತಮ ವಿದ್ಯುದ್ವಾಹಕ. ನೀರು ಬಸಿಯಲೆಂದೋ ಒಳಗೆ ಸೇರಿದ ಇಲಿ, ಹಾವು ಹೊರಹಾಕಲೆಂದೋ ಪೈಪನ್ನು ನೆಟ್ಟಗೆ ಎತ್ತಿದಾಗ ಅದು ಮೇಲಿನ ವಿದ್ಯುತ್ ತಂತಿಗೆ ತಾಗಿದರೆ ಜೀವಹಾನಿ ಖಚಿತವೆಂದೇ ತಿಳಿಯಿರಿ. ಪೈಪನ್ನು ಯಾವಾಗಲೂ ಅಡ್ಡವಾಗಿ, ಇಬ್ಬರು ಸೇರಿ ಸಾಗಿಸಿ. ತಂತಿಯ ಕೆಳಗೆ ಎಂದಿಗೂ ಪೇರಿಸಬೇಡಿ. ವಿಸ್ತರಣಾ ಕಾರ್ಯಕರ್ತರು ಪ್ರತಿ ಪ್ರಾತ್ಯಕ್ಷಿಕೆಯಲ್ಲೂ ಈ ಮಾತನ್ನು ಮೊದಲು ಹೇಳತಕ್ಕದ್ದು.